ಹಗೇವು ಮತ್ತು ಗಿರಣಿ

ಮಕ್ಕಳೇ, ಕಂಪ್ಯೂಟರ್ ಪಾಠದಲ್ಲಿ ಸ್ಟ್ಯಾಕ್, ಕ್ಯೂ ಎಂಬ ಪದಗಳು ಬಂದರೆ ಗಾಬರಿಯಾಗಬೇಡಿ. ನಿಮ್ಮ ಅಜ್ಜ-ಅಜ್ಜಿಗೆ ಎರಡೂ ಗೊತ್ತು, ಹೆಸರು ಮಾತ್ರ ಬೇರೆ.

ಹಿಂದೆ ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಅದಕ್ಕೆ ಬಾಯಿ ಒಂದೇ, ಅದೂ ಮೇಲೆ. ಕೊನೆಗೆ ಸುರಿದ ಜೋಳ ಮೊದಲು ಹೊರಗೆ, ಮೊದಲು ಸುರಿದದ್ದು ತಳದಲ್ಲಿ. ಇದೇ ಸ್ಟ್ಯಾಕ್. ಅದೇ ಜೋಳವನ್ನು ಡಬ್ಬಿಯಲ್ಲಿ ಹೊತ್ತು ಹಿಟ್ಟಿನ ಗಿರಣಿಗೆ ಹೋಗಿ. ಅಲ್ಲಿ ಡಬ್ಬಿಗಳ ಪಾಳಿ ಇರುತ್ತದೆ. ಮೊದಲು ಇಟ್ಟವರ ಜೋಳ ಮೊದಲು ಬೀಸುತ್ತದೆ. ಇದು ಕ್ಯೂ.

ಕಂಪ್ಯೂಟರಿಗೆ ಎರಡೂ ಬೇಕು. ನೀವು ಬಿಡಿಸಿದ ಚಿತ್ರದಲ್ಲಿ ಕೊನೆಯ ಗೆರೆ ತಪ್ಪಿದರೆ 'ಅನ್‌ಡೂ' ಒತ್ತುತ್ತೀರಿ. ಕೊನೆಯದೇ ಮೊದಲು ಅಳಿಯಬೇಕು, ಆದ್ದರಿಂದ ಅಲ್ಲಿ ಸ್ಟ್ಯಾಕ್. ಪ್ರಿಂಟರಿಗೆ ಹತ್ತು ಜನ ಪುಟ ಕಳಿಸಿದರೆ ಮೊದಲು ಕಳಿಸಿದವರ ಪುಟ ಮೊದಲು ಬರಬೇಕು, ಅಲ್ಲಿ ಕ್ಯೂ. 1946ರ ಹೊತ್ತಿಗೇ ಇಂಗ್ಲೆಂಡಿನ ಅಲನ್ ಟ್ಯೂರಿಂಗ್, ಒಂದು ಕೆಲಸದ ನಡುವೆ ಇನ್ನೊಂದಕ್ಕೆ ಹೋದ ಯಂತ್ರ ಮರಳಿ ಬರುವ ಜಾಗ ಮರೆಯದಂತೆ ಸ್ಟ್ಯಾಕಿನ ಉಪಾಯ ಹೇಳಿದ್ದ. ಅದಕ್ಕೆ ಅವನು ಬಳಸಿದ ಮಾತುಗಳ ಅರ್ಥ 'ಹೂಳು', 'ಹೂತದ್ದನ್ನು ತೆಗೆ'. ಹಗೇವಿನ ಮಾತೇ ಅಲ್ಲವೇ!

ತಪ್ಪಾದುದನ್ನು ಆರಿಸಿದರೆ ಏನಾಗುತ್ತದೆ? ಒಮ್ಮೆ ಕೊಳಾರದಿಂದ ನಾನು ಒಂದು ಕಚೇರಿಗೆ ಅರ್ಜಿ ಕೊಡಲು ಹೋಗಿದ್ದೆ. ನನಗಿಂತ ಮೊದಲೇ, ಔರಾದ್ ಕಡೆಯಿಂದ ನಸುಕಿನ ಬಸ್ಸಿಗೆ ಬಂದ ಒಬ್ಬ ಅಜ್ಜಿ ಅರ್ಜಿ ಕೊಟ್ಟು ಕೂತಿದ್ದರು. ಗುಮಾಸ್ತರು ಬಂದ ಅರ್ಜಿಗಳನ್ನು ಒಂದರ ಮೇಲೊಂದು ಪೇರಿಸಿದರು. ಆಮೇಲೆ ಮೇಲಿನಿಂದಲೇ ತೆಗೆದು ಹೆಸರು ಕೂಗಿದರು. ತಡವಾಗಿ ಬಂದವರು ನಗುತ್ತ ಹೊರಟರು. ಅಜ್ಜಿಯ ಅರ್ಜಿ ತಳದಲ್ಲೇ ಉಳಿಯಿತು, ಕಚೇರಿಯ ವೇಳೆ ಮುಗಿಯಿತು. ಅಜ್ಜಿಗೆ ಅನ್ಯಾಯ ಮಾಡಬೇಕೆಂದು ಯಾರೂ ಬಯಸಿರಲಿಲ್ಲ. ಕ್ಯೂ ಇರಬೇಕಾದ ಕಡೆ ಸ್ಟ್ಯಾಕ್ ಇತ್ತು, ಅಷ್ಟೇ. ಕಟ್ಟನ್ನು ಒಮ್ಮೆ ಮಗುಚಿ ಹಾಕಿದ್ದರೆ ಸಾಕಿತ್ತು.

ನಾಳೆ ನಿಮ್ಮಲ್ಲಿ ಯಾರೋ ಆಸ್ಪತ್ರೆಗೆ, ಪಿಂಚಣಿಗೆ, ರೇಷನ್ನಿಗೆ ಪ್ರೋಗ್ರಾಂ ಬರೆಯುತ್ತೀರಿ. ಆಗ ಮೊದಲು ಕೇಳಿಕೊಳ್ಳಿ: ಇಲ್ಲಿ ಯಾರು ಮೊದಲು ಹೊರಬರಬೇಕು? ಕಾದವರೋ, ಈಗ ಬಂದವರೋ?

ಈ ವಾರದ ಲೆಕ್ಕ: ಕ, ಮ, ಲ ಅಕ್ಷರಗಳನ್ನು ಇದೇ ಕ್ರಮದಲ್ಲಿ ಸ್ಟ್ಯಾಕಿಗೆ ಹಾಕಿ, ಒಂದೊಂದಾಗಿ ತೆಗೆಯಿರಿ. ಯಾವ ಪದ ಬಂತು? ಕ್ಯೂನಲ್ಲಿ? ಇನ್ನು 'ಕಿಟಕಿ'ಯನ್ನು ಎರಡರಲ್ಲೂ ಹಾಕಿ ನೋಡಿ. ಏಕೆ ಹಾಗಾಯಿತೆಂದು ಅಜ್ಜನಿಗೆ ನೀವೇ ವಿವರಿಸಿ. ಹಗೇವಿಗೆ ಇಳಿಯುವ ಮುನ್ನ ಅದರ ಬಾಯಿಯನ್ನು ಬಹಳ ಹೊತ್ತು ತೆರೆದಿಡುತ್ತಿದ್ದುದು ಏಕೆಂದು ಅವರಿಂದ ಕೇಳಿ ತಿಳಿಯಿರಿ.