ಹಾಳ ಕಲ್ಲ ಅಲ್ರೀ ಅವು

"ಮ್ಯೂಸಿಯಂದಾಗ ಏನದ ನೋಡಲಕ್ಕ? ನಾಕು ಮುರುಕ ಕಲ್ಲ." ಈ ಮಾತು ಮದಿವ್ಯಾಗಿ ಮಣ್ಣೂರಿಗಿ ಬಂದಾಗಿಂದ ಕೇಳ್ಲಕತ್ತೀನಿ. ಮೊದ್ಲು ಮಾವನೋರು ಅಂತಿದ್ರು, ಆಮ್ಯಾಲ ಮನಿಯೋರು, ಈಗ ಮಗ ಅಂತಾನ. ಹೊಲ ಮನಿ ಹಂಗ ಈ ಮಾತೂ ಅಪ್ಪನಿಂದ ಮಗನಿಗಿ ಬಂದದ. ಇವತ್ತ ಬರದೇ ಬಿಡ್ತೀನಿ, ಓದಿ ಸಿಟ್ಟಾದ್ರ ಆಗ್ರಿ.

ನಮ್ಮ ಕಡಿ ಹೆಣ್ಮಕ್ಕಳು ಊರು ಬಿಟ್ಟು ಹೊರಗ ಬೀಳೋದು ದೇವರಿಗಿ, ದವಾಖಾನಿಗಿ, ಮದಿವಿಗಿ. ದೇವರಂದ್ರ ಗಾಣಗಾಪುರ, ಕಲಬುರಗಿ ಶರಣಬಸಪ್ಪನ ಗುಡಿ, ಬಂದೇನವಾಜ ದರ್ಗಾ. ಹೋಗಬ್ಯಾಡ್ರಿ ಅನ್ನಲ್ಲ, ನಾನೂ ಹೋಗ್ತೀನಿ. ಆದ್ರ ಹ್ಯಾಂಗ ಹೋಗ್ತೀವಿ ನೋಡ್ರಿ. ನಸಿಕಿನ್ಯಾಗ ಮೂರಕ್ಕೆದ್ದು ರೊಟ್ಟಿ ಬಡದು, ಶೇಂಗಾ ಹಿಂಡಿ, ಮೊಸರು, ಪಲ್ಯ ಎಲ್ಲಾ ಕಟಗೊಂಡು ಗಾಡಿ ಏರ್ಬೇಕು. ಅಲ್ಲಿ ಹೋದ್ಮ್ಯಾಲೂ ನೀಡೋರು ನಾವೇ, ತೊಳಿಯೋರು ನಾವೇ. ಹೆಸರು ಮಾತ್ರ "ತಿರಗಾಡಲಕ್ಕ ಹೋಗ್ಯಾರ" ಅಂತ. ಕಲಬುರಗಿ ಕೋಟಿ ಹತ್ರ ಬಂದಾಗ "ಎರಡು ತಾಸು ನಿಲ್ಲಸ್ರಿ" ಅಂದ್ರ "ಹೊತ್ತಾಗ್ಯದ" ಅಂತಾರ. ಅದೇ ಗಾಡಿ ಮುಂದ ಚಾದಂಗಡಿ ಎದುರು ಒಂದು ತಾಸು ನಿಲ್ತದ. ಆವಾಗ ಹೊತ್ತು ಎಲ್ಲಿಂದ ಬರ್ತದೋ ಏನೋ.

ಆ ಕೋಟಿಯೊಳಗ ಏನದ ಅಂತ ಕೇಳಿದ್ರ ಹೇಳ್ತೀನಿ. 1347ರಾಗ ಬಹಮನಿ ಸುಲ್ತಾನರು ಕಲಬುರಗಿ ರಾಜಧಾನಿ ಮಾಡಕೊಂಡ್ರು. ಕೋಟಿಯೊಳಗಿನ ಜಾಮಿ ಮಸೂತಿ 1367ರಾಗ ಕಟ್ಟಿದ್ದು. ನಮ್ಮ ದೇಶದಾಗ ಮಸೂತಿ ಅಂದ್ರ ನಡುವ ದೊಡ್ಡ ಬಯಲು ಅಂಗಳ ಇರ್ತದ. ಇಲ್ಲಿ ಅಂಗಳನೇ ಇಲ್ಲ, ಪೂರಾ ಮ್ಯಾಲ ಮುಚ್ಚ್ಯಾರ, ಸಣ್ಣ ಸಣ್ಣ ಗುಂಬಜ ಸಾಲಾಗಿ ನಿಂತಾವ. ಒಳಗ ಕಮಾನಿನ ಹಿಂದ ಕಮಾನು, ಮುಗಿಯೋದೇ ಇಲ್ಲ ಅನ್ನಿಸ್ತದ. ವೈಶಾಖದ ಬಿಸಿಲಾಗ ಒಳಗ ಕಾಲಿಟ್ಟು ನೋಡ್ರಿ, ಕಟ್ಟಿದವನು ನಮ್ಮ ಬಿಸಲಿನ ಲೆಕ್ಕ ಗೊತ್ತಿದ್ದವ ಅಂತ ತಿಳಿತದ. ನಾವು ಈಗ ಸಿಮೆಂಟಿನ ಮನಿ ಕಟ್ಟಿ ಕೂಲರ್ ಹಚ್ಚಿ ಕುಂತೀವಿ!

ಇನ್ನ ಮುರುಕ ಕಲ್ಲಿನ ಮಾತು. ನಮ್ಮೂರ ದಂಡಿಗಿ ಹರಿಯೋ ಭೀಮೆ ಗಾಣಗಾಪುರ ಮುಟ್ಟಿ, ಫಿರೋಜಾಬಾದ ದಾಟಿ, ಕೆಳಗ ಸನ್ನತಿಗಿ ಹೋಗ್ತಾಳ. ಸನ್ನತಿ ಚಂದ್ರಲಾಂಬಾ ಗುಡಿಗಿ ನಮ್ಮ ಮಂದಿ ಹೋಗ್ತಾರ, ಕೈ ಮುಗಿತಾರ, ಬರ್ತಾರ. ಅದೇ ಗುಡಿ ಆವಾರದಾಗ 1986ರಾಗ ಕಾಳಿ ಗುಡಿ ಮಾಳಿಗಿ ಬಿತ್ತು. ಮೂರ್ತಿ ಒಡೀತು. ಕೆಳಗಿನ ಕಲ್ಲು ನೋಡಿದ್ರ ಅದರ ಮ್ಯಾಲ ಅಶೋಕನ ಶಾಸನ! ಎರಡು ಸಾವಿರ ವರ್ಷಕ್ಕೂ ಹಿಂದಿನ ಬ್ರಾಹ್ಮಿ ಅಕ್ಷರ, ಪ್ರಾಕೃತ ಮಾತು. ಅದನ್ನೇ ಯಾರೋ ದೇವಿಗಿ ಪೀಠ ಮಾಡಿದ್ರು. ಮಗ್ಗಲ ಕನಗನಹಳ್ಳಿಯಾಗ 1990ರ ದಶಕದಾಗ ಅಗದಾಗ ದೊಡ್ಡ ಬೌದ್ಧ ಸ್ತೂಪನೇ ಸಿಕ್ತು. ಒಂದು ಕಲ್ಲಿನ್ಯಾಗ ರಾಜ, ರಾಣಿ, ಚಾಮರ ಬೀಸೋ ಹೆಣ್ಮಕ್ಕಳು, ಮ್ಯಾಲ ಛತ್ರಿ, ಜೋಡಿ "ರಾಯೋ ಅಸೋಕೋ" ಅಂತ ಹೆಸರು. ಹೆಸರಿನ ಸಂಗಟ ಅಶೋಕನ ಮಾರಿ ಸಿಕ್ಕಿದ್ದು ನಮ್ಮ ಭೀಮೆ ದಂಡಿಮ್ಯಾಲ. ದಿಲ್ಲಿಯಾಗ ಅಲ್ಲ, ಪಟ್ನಾದಾಗೂ ಅಲ್ಲ. ಸನ್ನತಿ ಕಡಿ ಸಿಕ್ಕ ಕಲ್ಲು ಕೆಲವು ಕಲಬುರಗಿ ಸರಕಾರಿ ಮ್ಯೂಸಿಯಂದಾಗೂ ಅವ. ಅದೂ ಸುರುವಾದದ್ದು ಎರಡು ಹಳೇ ಗುಂಬಜದೊಳಗ.

ಇದನ್ನ ಹೇಳಿದ್ರ "ತಲಿ ಇಲ್ಲ, ಕೈ ಇಲ್ಲ, ಅದೇನ್ ಮೂರ್ತಿ" ಅಂತಾರ. ನಮ್ಮ ಸಂಬಂಧಿಕರೊಬ್ಬರು ಮಗನ ಕಡಿ ಹೋದಾಗ ಪ್ಯಾರಿಸ್ ನೋಡಿ ಬಂದ್ರು. ಲೂವ್ರ್ ಮ್ಯೂಸಿಯಂದಾಗ ಮೆಟ್ಟಲ ಮ್ಯಾಲ ಒಂದು ಹೆಣ್ಣಿನ ಮೂರ್ತಿ ಅದ. ತಲಿ ಇಲ್ಲ, ಕೈ ಇಲ್ಲ, ಬರೇ ರೆಕ್ಕಿ ಅವ. 1863ರಾಗ ಗ್ರೀಸ್ ಕಡಿ ಒಂದು ನಡುಗಡ್ಡಿಯಾಗ ಸಿಕ್ಕದ್ದಂತ. ಅದರ ಮುಂದ ನಿಂತು ಫೋಟೋ ಹೊಡಕೊಂಡು ನಮಗೆಲ್ಲ ಕಳಸಿದ್ರು. ಟಿಕೀಟಿಗಿ ರೊಕ್ಕ ಕೊಟ್ಟು, ಪಾಳಿ ಹಚ್ಚಿ ನೋಡಿದ್ರಂತ. ಇದೇ ಮಂದಿ ಮೊದಲ ಕಲಬುರಗಿಯಾಗ ಇಪ್ಪತ್ತು ವರ್ಷ ನೌಕರಿ ಮಾಡ್ಯಾರ, ಒಂದಿನ ಮ್ಯೂಸಿಯಂ ಬಾಗಿಲು ನೋಡಿಲ್ಲ. ಅಲ್ಲಿಂದು ತಲಿ ಇಲ್ಲದಿದ್ರ ಕಲೆ, ಇಲ್ಲಿಂದು ತಲಿ ಇಲ್ಲದಿದ್ರ ಹಾಳ ಕಲ್ಲ? ಇದ್ಯಾವ ನ್ಯಾಯ್ರಿ!

ಹಾಳ ಕಲ್ಲ ಅಂತ ಅಂದು ಅಂದೇ ಹಾಳಾಗ್ಲಕತ್ತಾವ. ಹಳ್ಳಿ ಹಳ್ಳಿಯಾಗ ನೋಡ್ರಿ, ವೀರಗಲ್ಲಿನ ಮ್ಯಾಲ ಅರಬಿ ಒಗಿತಾರ, ಎಮ್ಮಿ ಕಟ್ತಾರ. ಇಲ್ಲಂದ್ರ ಆಯಿಲ್ ಪೇಂಟ್ ಬಳದು ಅಕ್ಷರ ಮುಚ್ಚಿಬಿಡ್ತಾರ, ಅದಕ್ಕ ಭಕ್ತಿ ಅಂತ ಹೆಸರು. ಒಂದು ಸಲ ಪೇಂಟ್ ಬಿದ್ದ ಮ್ಯಾಲ ಓದೋದು ಹ್ಯಾಂಗ?

ಸರಕಾರದವರಿಗೂ ಒಂದು ಮಾತು. ಇಂಥಾ ಜಾಗದಾಗ ಬೋರ್ಡು ಹಾಕ್ತೀರಿ, ಅದರಾಗಿನ ಕನ್ನಡ ಪಿಯುಸಿ ಓದಿದ ನನಗೇ ತಿಳಿಯಲ್ಲ. ನಮ್ಮತ್ತಿಗಿ ಹ್ಯಾಂಗ ತಿಳಿಬೇಕು? "ಈ ಕಲ್ಲು ಎಲ್ಲಿ ಸಿಕ್ತು, ಇವ ಯಾರು, ಕೈಯಾಗ ಏನ್ ಹಿಡದಾನ", ಇಷ್ಟು ಬರೀರಿ ಸಾಕು. ಮತ್ತ ಹೆಣ್ಮಕ್ಕಳಿಗಿ ಪಾಯಖಾನಿ. ಒಂದು ಕಡಿ (ಹೆಸರು ಹೇಳಲ್ಲ) ಪಾಯಖಾನಿ ಇತ್ತು, ಕೀಲಿ ಹಾಕಿತ್ತು, ಕೀಲಿಕೈ ಇದ್ದವ ಉಂಡು ಬರ್ಲಕ್ಕ ಹೋಗಿದ್ದ. ನಾಕು ಮಂದಿ ಹೆಣ್ಮಕ್ಕಳು ಅರ್ಧಕ್ಕೇ ಗಾಡಿ ಏರಿದ್ವಿ. ಅದನ್ನ ನೋಡಿ ಗಂಡಸ್ರು "ನಿಮಗ್ಯಾಕ ಬೇಕಿತ್ತು" ಅಂದ್ರು.

ಇಷ್ಟೆಲ್ಲ ಯಾಕ ಬರದೀನಂದ್ರ, ನಮ್ಮ ನೆಗೆಣಿ ಮಗಳು ಹತ್ತನೇತ್ತ ಪಾಸಾಗ್ಯದ. ಆರ್ಟ್ಸ್ ತಗೊಂಡು ಇತಿಹಾಸ ಓದ್ತೀನಿ, ಶಾಸನ ಓದೋದು ಕಲಿತೀನಿ ಅಂತದ. ಮನ್ಯಾಗ ಯಾರಿಗೂ ಮನಸ್ಸಿಲ್ಲ. "ಕಲ್ಲ ಓದಿ ಏನ್ ಮಾಡ್ತಿ, ರೊಟ್ಟಿಗಿ ಹಿಟ್ಟು ಬರ್ತದೇನು" ಅಂತ ಅವರಪ್ಪ ಕೇಳ್ದ. ಆ ಹುಡುಗಿಗಿ ಶಾಸನ ಅಂದ್ರ ಪುಸ್ತಕದಾಗಿನ ಕರಿ ಚಿತ್ರ ಅಷ್ಟೇ, ಖರೆ ಕಲ್ಲು ಒಂದೂ ನೋಡಿಲ್ಲ. ನೋಡದೇ ಇಷ್ಟು ಆಸಿ ಇಟ್ಟದಂದ್ರ, ನೋಡಿದ್ರ?

ಬರೋ ಅಮಾಸಿಗಿ ಮನ್ಯಾಗಿನವರೆಲ್ಲ ಗಾಣಗಾಪುರಕ್ಕ ಹೊಂಟಾರ. ನಾ ರೊಟ್ಟಿ ಬಡಿಯಲ್ಲ ಅಂತ ಹೇಳೀನಿ. ಉಣಬೇಕಾದ್ರ ಖಾನಾವಳಿ ಅವ. ನಾನು, ಆ ಹುಡುಗಿ ಚೌಡಾಪುರದಾಗ ಇಳದು ಕಲಬುರಗಿ ಬಸ್ ಹಿಡಿತೀವಿ. ಮ್ಯೂಸಿಯಂ ಅವತ್ತ ತಗದಿರ್ತದೋ ಇಲ್ಲೋ ಅಂತ ಮೊದಲೇ ಕೇಳಿ ಇಟಗೋತೀನಿ. ಬರೋರಿದ್ರ ಬರ್ರಿ.