ಕಡಲ ಮೀನಿನ ಬಿಳಿಚುಕ್ಕೆ

ಇರಕಲ್ಲಗಡದಲ್ಲಿ ಕುಳಿತು ಕಡಲ ಮೀನಿನ ರೋಗದ ಬಗ್ಗೆ ಬರೆಯುವವನನ್ನು ಕಂಡು ವಾಚಕರು ನಕ್ಕರೆ ನನಗೆ ಬೇಸರವಿಲ್ಲ. ನಮ್ಮೂರಿನಿಂದ ಪಡುವಣ ಕಡಲಿಗೆ ನೆಟ್ಟಗೆ ಗೆರೆಯೆಳೆದು ಅಳೆದರೂ ಇನ್ನೂರು ಕಿಲೋಮೀಟರಿಗೆ ಕಡಿಮೆಯಾಗದು. ನಾವು ಬಲ್ಲ ದೊಡ್ಡ ನೀರೆಂದರೆ ಮುನಿರಾಬಾದಿನ ಅಣೆಕಟ್ಟು. ಬಲ್ಲ ಉಪ್ಪುನೀರೆಂದರೆ ಬೇಸಗೆಯಲ್ಲಿ ಸವುಳಾಗುವ ಬಾವಿ. ಆದರೂ ಈ ವಿಷಯವು ನನ್ನ ಕೊರಳಿಗೆ ಬಿದ್ದಿತು. ಬಿದ್ದ ಮೇಲೆ ವಿಚಾರ ಮಾಡುತ್ತ ಹೋದಂತೆ ಅದು ನನ್ನನ್ನು ನಮ್ಮ ಸೀಮೆಯ ಹಳೆಯ ಮೆಟ್ಟಿಲ ಬಾವಿಗಳ ವರೆಗೆ ಕರೆದುಕೊಂಡು ಹೋಯಿತು.

ನನ್ನ ತಂಗಿಯ ಮಗನು ಬೆಂಗಳೂರಿನಲ್ಲಿ ಇಂಜಿನಿಯರನು. ಎರಡು ವರ್ಷಗಳ ಹಿಂದೆ ಆತನು ಪಡಸಾಲೆಯಲ್ಲಿ ಮುನ್ನೂರು ಲೀಟರಿನ ಗಾಜಿನ ತೊಟ್ಟಿಯೊಂದನ್ನು ಇರಿಸಿ, ಪೊಟ್ಟಣದ ಉಪ್ಪನ್ನು ಅಳೆದು ಕರಗಿಸಿ, ಕಡಲ ಮೀನುಗಳನ್ನು ಸಾಕತೊಡಗಿದನು. ಕೇಸರಿ ಮೈಗೆ ಬಿಳಿಯ ಪಟ್ಟೆಯುಳ್ಳ ಕ್ಲೌನ್ ಮೀನುಗಳು, ಇನ್ನೂ ಕೆಲವು, ಒಟ್ಟಿಗೆ ಏಳು. ಈ ವರ್ಷ ಎಂಟನೆಯದಾಗಿ ನೀಲಿ ಬಣ್ಣದ ಟ್ಯಾಂಗ್ ಎಂಬ ಮೀನನ್ನು ಅಂಗಡಿಯಿಂದ ತಂದವನೇ ಚೀಲದ ಬಾಯಿ ಬಿಚ್ಚಿ ತೊಟ್ಟಿಗೆ ಬಿಟ್ಟನು. ಒಂಬತ್ತನೆಯ ದಿನ ನನಗೆ ಫೋನು ಬಂದಿತು. “ಮಾಮಾ, ನೀರು ಕನ್ನಡಿ ಹಂಗ ಐತಿ. ಮೀನಿನ ಮೈಮ್ಯಾಲೆ ಮಾತ್ರ ರವಾ ಉದುರಿಸಿದಂಗ ಆಗೇತಿ.” ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವನಿಗೆ ಇದೆಲ್ಲ ತಿಳಿದಿರಲೇಬೇಕೆಂದು ಆತನ ನಂಬಿಕೆ.

ಅಂಗಡಿಯವನು ಒಂದು ಸೀಸೆ ಔಷಧ ಕೊಟ್ಟನಂತೆ. ಹನಿಹನಿಯಾಗಿ ಹಾಕಿದ ನಾಲ್ಕನೆಯ ದಿನಕ್ಕೆ ಚುಕ್ಕೆಗಳೆಲ್ಲ ಮಾಯವಾದವು. ಆತನು ಹಿಗ್ಗಿ ಚಿತ್ರ ಕಳುಹಿಸಿದನು. ನಾನೂ ಹಿಗ್ಗಿದೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಮುಂದೆ ಹನ್ನೆರಡು ದಿನಗಳಲ್ಲಿ ಚುಕ್ಕೆಗಳು ಮರಳಿ ಬಂದವು, ಈ ಸಲ ಎಂಟೂ ಮೀನುಗಳ ಮೇಲೆ. ಮೇಲುಸಿರು ಬಿಡುತ್ತ ವಾರದೊಳಗೆ ಐದು ಸತ್ತವು. ಆ ಬಳಿಕವೇ ನಾನು ಪುಸ್ತಕಗಳನ್ನು ತೆರೆದೆನು, ಮೊದಲೇ ತೆರೆಯಬೇಕಾಗಿದ್ದಿತು.

ಈ ರೋಗವನ್ನುಂಟುಮಾಡುವ ಏಕಕೋಶಜೀವಿಗೆ ಕ್ರಿಪ್ಟೊಕ್ಯಾರಿಯಾನ್ ಇರಿಟಾನ್ಸ್ ಎಂದು ಹೆಸರು. ಜಪಾನಿನ ಸಿಕಾಮಾ 1937ರಲ್ಲಿ ಇದರ ವಿಷಯ ಬರೆದರು. ಲಂಡನ್ನಿನ ಪ್ರಾಣಿಸಂಗ್ರಹಾಲಯದ ಮೀನುಗಳಲ್ಲಿ ಇದನ್ನು ಕಂಡ ಬ್ರೌನ್ ಎಂಬ ಸಂಶೋಧಕರು 1951ರಲ್ಲಿ ಈ ಹೆಸರನ್ನು ಕೊಟ್ಟರು. ಸಿಹಿನೀರಿನ ಮೀನುಗಳಿಗೂ ಇಂಥದೇ ಬಿಳಿಚುಕ್ಕೆಯ ರೋಗವುಂಟು. ನೋಡಲು ಎರಡೂ ಅವಳಿಜವಳಿ. ಆದರೆ ಅದರ ಜೀವಿಯೇ ಬೇರೆ, ವಂಶವೇ ಬೇರೆ.

ಇದರ ಬಾಳಿನ ಕ್ರಮವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನನ್ನ ಮಾತೆಲ್ಲ ಅದರ ಮೇಲೆ ನಿಂತಿದೆ. ಕಣ್ಣಿಗೆ ಕಾಣದ ಮರಿಯೊಂದು ನೀರಿನಲ್ಲಿ ಈಜುತ್ತ ಬಂದು ಮೀನಿನ ಚರ್ಮವನ್ನೋ ಕಿವಿರನ್ನೋ ಕೊರೆದು ಒಳಸೇರುತ್ತದೆ. ಮೇಲ್ದೊಗಲಿನ ಕೆಳಗೆ ಮೂರರಿಂದ ಏಳು ದಿನ ತಿಂದು ಬೆಳೆಯುತ್ತದೆ. ನಮಗೆ ಕಾಣುವ ಚುಕ್ಕೆಯೆಂದರೆ ಇದೇ. ಹೊಟ್ಟೆ ತುಂಬಿದ ಮೇಲೆ, ಹೆಚ್ಚಾಗಿ ಕತ್ತಲೆಯ ಹೊತ್ತಿನಲ್ಲಿ, ತಾನಾಗಿಯೇ ಮೀನನ್ನು ಬಿಟ್ಟು ಉದುರಿ, ತೊಟ್ಟಿಯ ತಳದ ಮರಳಿಗೋ ಕಲ್ಲಿಗೋ ಅಂಟಿ, ಸುತ್ತಲೂ ಗಟ್ಟಿಯಾದ ಕೋಶವನ್ನು ಕಟ್ಟಿಕೊಳ್ಳುತ್ತದೆ. ಅದರೊಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ, ಇನ್ನೂರರ ವರೆಗೂ ಒಡೆಯುತ್ತದೆ. ಕೆಲವು ಕೋಶಗಳು ಮೂರು ದಿನಕ್ಕೇ ಬಿರಿಯುತ್ತವೆ, ಬಹಳಷ್ಟು ನಾಲ್ಕು ವಾರಗಳೊಳಗೆ. ಎಪ್ಪತ್ತೆರಡು ದಿನ ತಡೆದು ಬಿರಿದವುಗಳೂ ಉಂಟು. ಹೊರಬಿದ್ದ ಮರಿಗಳಿಗೆ ಒಂದೆರಡು ದಿನಗಳಲ್ಲಿ ಮೀನು ಸಿಕ್ಕಬೇಕು; ಸಿಕ್ಕದಿದ್ದರೆ ಸಾವು.

ಹೀಗಾಗಿ ನಾಲ್ಕನೆಯ ದಿನ ಚುಕ್ಕೆಗಳು ಮಾಯವಾದದ್ದು ಸೀಸೆಯ ಮಹಿಮೆಯಲ್ಲ. ಅವು ಹೊರಡುವ ದಿನವೇ ಅದಾಗಿದ್ದಿತು. ನಾವು ಗುಣವಾಯಿತೆಂದು ಹಿಗ್ಗುತ್ತಿದ್ದಾಗ ತಳದಲ್ಲಿ ಒಂದೊಂದು ನೂರಾಗುತ್ತಲಿದ್ದಿತು. ಅಂಗಡಿಯಲ್ಲಿ ಮಾರುವ ಇಂಥ ಎಷ್ಟೋ ಸೀಸೆಗಳ ಕೀರ್ತಿ ಈ ನಾಲ್ಕು ದಿನಗಳ ಮೇಲೆಯೇ ನಿಂತಿದೆಯೆಂದು ನನ್ನ ಗುಮಾನಿ.

ಇದನ್ನು ಓದುತ್ತಿದ್ದಾಗಲೇ ನನಗೆ ನಮ್ಮ ಅಜ್ಜಿಯ ಕಣಕಾಲಿನ ಕಲೆ ನೆನಪಾಯಿತು. ಅದು ನಾರುಹುಣ್ಣಿನ ಕಲೆ. ಎರಡೆರಡು ಅಡಿ, ಒಮ್ಮೊಮ್ಮೆ ಮೂರಡಿ ಉದ್ದದ ಹುಳವು ಕಾಲಿನಿಂದ ಹೊರಬರುತ್ತಿತ್ತು. ಅದನ್ನು ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಷ್ಟು ಎಳೆಯುವದು. ನಡುವೆ ಹರಿದರೆ ಕಾಲು ಬಾತು ತಿಂಗಳುಗಟ್ಟಲೆ ಹಾಸಿಗೆ. ಅಜ್ಜಿಯ ಕಾಲದವರು ಈ ಎಳೆಯುವ ಕೆಲಸದಲ್ಲಿ ಬಹಳ ನಿಪುಣರು. ಆದರೆ ಉರಿಯುವ ಕಾಲನ್ನು ತಣ್ಣಗೆ ಮಾಡಲು ಮೆಟ್ಟಿಲ ಬಾವಿಗೆ ಇಳಿದು ನಿಂತರೆ ಹುಳವು ಸಾವಿರಗಟ್ಟಲೆ ಮರಿಗಳನ್ನು ಆ ನೀರಿಗೇ ಬಿಡುತ್ತಿತ್ತು; ಅವನ್ನು ಸೈಕ್ಲಾಪ್ಸ್ ಎಂಬ ಸಣ್ಣ ನೀರುಜೀವಿ ನುಂಗುತ್ತಿತ್ತು; ಅದೇ ನೀರನ್ನು ಕುಡಿದವರಿಗೆ ಮುಂದಿನ ವರ್ಷ ಅದೇ ಹುಣ್ಣು. ರಷ್ಯದ ಫೆಡ್ಚೆಂಕೊ ಈ ಸಂಬಂಧವನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕಂಡುಹಿಡಿದಿದ್ದರೂ ನಮ್ಮಲ್ಲಿ ಕಡ್ಡಿಗೆ ಸುತ್ತುವದು ನಿಂತಿರಲಿಲ್ಲ. ರೋಗವು ಕಾಲಿನಲ್ಲಿ ಕಾಣುತ್ತಿತ್ತು, ಬಾವಿಯಲ್ಲಿ ವಾಸಿಸುತ್ತಿತ್ತು.

ಕರ್ನಾಟಕವೂ ಸೇರಿ ಏಳು ರಾಜ್ಯಗಳನ್ನು ಕಾಡಿದ ಈ ಪೀಡೆಯು ಕೊನೆಗಂಡದ್ದು ಬಾವಿಗೆ ಕೈಹಚ್ಚಿದ ಮೇಲೆ. ಮೆಟ್ಟಿಲುಗಳನ್ನು ಮುಚ್ಚಿ ಸೇದುವ ಬಾವಿಗಳನ್ನಾಗಿ ಮಾಡಿದರು, ಕೊಳವೆ ಬಾವಿಗಳನ್ನು ತೋಡಿದರು, ನೀರನ್ನು ಬಟ್ಟೆಯಲ್ಲಿ ಸೋಸಲು ಕಲಿಸಿದರು. ದೇಶದ ಕಡೆಯ ರೋಗಿ ರಾಜಸ್ಥಾನದಲ್ಲಿ 1996ರ ಜುಲೈಯಲ್ಲಿ ಕಂಡುಬಂದನು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವು ಈ ರೋಗದಿಂದ ಮುಕ್ತವಾಯಿತೆಂದು ಪ್ರಮಾಣ ಕೊಟ್ಟಿತು. ಈ ಕಥೆಯಲ್ಲಿ ಮೀನಿಗೂ ಒಂದು ಪಾತ್ರವುಂಟು. ಹಳೆಯ ಮೈಸೂರು ಸಂಸ್ಥಾನದ ಚಿತ್ರದುರ್ಗ ಸೀಮೆಯಲ್ಲಿ ಮೂರ್ತಿ ಮತ್ತು ಸ್ವೀಟ್ ಎಂಬ ಇಬ್ಬರು ಮೆಟ್ಟಿಲ ಬಾವಿಗಳಿಗೆ ಸಣ್ಣ ಜಾತಿಯ ಮೀನುಗಳನ್ನು ಬಿಟ್ಟು, ಅವು ಸೈಕ್ಲಾಪ್ಸುಗಳನ್ನು ತಿಂದು ನಾರುಹುಣ್ಣನ್ನು ತಡೆಯಬಲ್ಲವೆಂದು 1936ರಲ್ಲಿ ಬರೆದರು. ಮನುಷ್ಯನ ನೀರನ್ನು ಮೀನು ಶುದ್ಧಮಾಡಿಕೊಟ್ಟಿತು. ಮೀನಿನ ನೀರಿನ ಹೊಣೆ ನಮ್ಮ ಮೇಲೆ ಬಿದ್ದಾಗ ಸೀಸೆಯ ಮುಚ್ಚಳ ತೆಗೆಯುವದರಲ್ಲಿಯೇ ನಾವು ತೃಪ್ತರಾಗುವದು ನನಗೆ ಸರಿಯೆನಿಸದು.

ಗುಣಪಡಿಸುವ ಮಾರ್ಗಗಳು ಇಲ್ಲದಿಲ್ಲ. ಒಂದು ತಾಮ್ರ. ನಮ್ಮ ಕುಷ್ಟಗಿಯ ಕಡೆ ದಾಳಿಂಬೆಗೆ ಸುಣ್ಣ ಕೂಡಿಸಿ ಹೊಡೆಯುವ ಮೈಲುತುತ್ತವೇ ಇಲ್ಲಿಯೂ ಔಷಧ. ನೀರಿನಲ್ಲಿ ತಾಮ್ರದ ಪ್ರಮಾಣವು ಲೀಟರಿಗೆ 0.15ರಿಂದ 0.20 ಮಿಲಿಗ್ರಾಮ್ ಇದ್ದು, ಎರಡು ಮೂರು ವಾರ ಅಲ್ಲಿಯೇ ನಿಲ್ಲಬೇಕು. ಕಡಿಮೆಯಾದರೆ ಮರಿ ಸಾಯದು, ಹೆಚ್ಚಾದರೆ ಮೀನು ಉಳಿಯದು. ಆದ್ದರಿಂದ ದಿನವೂ ಅಳೆಯಬೇಕು. ಹವಳ, ಸಿಗಡಿಗಳಿರುವ ತೊಟ್ಟಿಗೆ ಅದು ಶುದ್ಧ ವಿಷ. ಮೇಲಾಗಿ ಸುಣ್ಣದ ಕಲ್ಲುಗಳು ತಾಮ್ರವನ್ನು ಹೀರಿಕೊಳ್ಳುತ್ತವೆ. ಇನ್ನೊಂದು, ಲೀಟರಿಗೆ 35 ಗ್ರಾಮಿನಷ್ಟಿರುವ ಉಪ್ಪನ್ನು ಮೆಲ್ಲಮೆಲ್ಲನೆ 15ಕ್ಕೆ ಇಳಿಸಿ ಮೂರು ವಾರ ಕಾಯುವದು. ಇದನ್ನೂ ತಾಳಿಕೊಳ್ಳುವ ತಳಿಗಳಿವೆಯೆಂದು ಕಂಡುಬಂದಿದೆ. ನನಗೆ ಮೆಚ್ಚಿಗೆಯಾದುದು ಮೂರನೆಯದು. ಇಸ್ರೇಲಿನ ಏಲಾತಿನಲ್ಲಿ ಕೆಲಸ ಮಾಡಿದ ಕೊಲೋರ್ನಿ 1987ರಲ್ಲಿ ಬರೆದಂತೆ, ಮೀನನ್ನು ಮೂರು ಮೂರು ದಿನಕ್ಕೊಮ್ಮೆ ಒಣಗಿಸಿ ಶುಚಿಮಾಡಿದ ಬೇರೆ ತೊಟ್ಟಿಗೆ ನಾಲ್ಕು ಸಲ ವರ್ಗಾಯಿಸುವದು. ಉದುರಿದ ಕೋಶಗಳು ಬಿರಿಯುವ ಮೊದಲೇ ಮೀನು ಆ ಮನೆ ಬಿಟ್ಟಿರುತ್ತದೆ. ಔಷಧದ ಹನಿಯೂ ಬೇಡ. ಎರಡು ಬರಿದಾದ ತೊಟ್ಟಿ ಮತ್ತು ತಪ್ಪದ ಲೆಕ್ಕ ಸಾಕು.

ಈ ಚಿಕಿತ್ಸೆಗಳೆಲ್ಲವೂ ನಡೆಯಬೇಕಾದುದು ಬೇರೊಂದು ತೊಟ್ಟಿಯಲ್ಲಿ. ಮೂಲ ತೊಟ್ಟಿಯು ಅಷ್ಟು ಕಾಲ ಮೀನಿಲ್ಲದೆ ಬರಿದಾಗಿರಬೇಕು, ಎಪ್ಪತ್ತಾರು ದಿನ. ಇದಕ್ಕೆ ನಮ್ಮ ಹಿರಿಯರ ಪ್ಲೇಗಿನ ಕಾಲವೇ ನನಗೆ ಹೋಲಿಕೆಯಾಗಿ ತೋರುತ್ತದೆ. ಊರಲ್ಲಿ ಇಲಿ ಬಿದ್ದಿತೆಂದರೆ ಜನ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಕಟ್ಟಿ ತಿಂಗಳುಗಟ್ಟಲೆ ಇರುತ್ತಿದ್ದರು. ಕೆಟ್ಟಿರುವದು ಮನೆಯೆಂಬುದು ಅವರಿಗೆ ಯಾರೂ ಕಲಿಸದೆ ತಿಳಿದಿದ್ದಿತು. ಹಾಗೆಯೇ ಹೊಸ ಮೀನು ಬಂದಾಗ ಅದನ್ನು ನಾಲ್ಕಾರು ವಾರ ಬೇರೆಯಿಡುವದು. ಮೊನ್ನೆಯ ಕೊರೋನಾ ನಮಗೆಲ್ಲ ಕ್ವಾರಂಟೈನ್ ಎಂಬ ಶಬ್ದವನ್ನು ಕಲಿಸಿದೆ. ಮೀನಿಗೂ ಅದೇ ಶಬ್ದ. ಸಾವಿರಾರು ರೂಪಾಯಿ ಕೊಟ್ಟು ದೊಡ್ಡ ತೊಟ್ಟಿ ಕೊಳ್ಳುವವರು ಪಕ್ಕದಲ್ಲಿ ಒಂದು ಸಣ್ಣ ತೊಟ್ಟಿಗೆ ಜಾಗವಿಲ್ಲವೆನ್ನುವದನ್ನು ನಾನು ಒಪ್ಪಲಾರೆನು. ಅಷ್ಟು ಜಾಗವೂ ತಾಳ್ಮೆಯೂ ಇಲ್ಲದವರು ಕಡಲ ಮೀನನ್ನು ತರಬಾರದು.

ಬದುಕುಳಿದ ಮೀನಿಗೆ ಈ ರೋಗವನ್ನು ತಡೆಯುವ ಶಕ್ತಿ ತಾನಾಗಿ ಬರುತ್ತದೆ, ಚೆನ್ನಾಗಿ ಉಣಿಸಿ ಸುಮ್ಮನಿರಿ ಎನ್ನುವವರುಂಟು. ಅವರ ಮಾತು ಸುಳ್ಳಲ್ಲ. ಅಂಥ ಶಕ್ತಿ ಕೆಲವು ತಿಂಗಳು ನಿಲ್ಲುವದನ್ನು ಪ್ರಯೋಗಗಳು ತೋರಿಸಿವೆ. ಆದರೆ ಬದುಕುಳಿಯದ ಮೀನಿನ ಮಾತನ್ನು ಅವರು ಆಡುವದಿಲ್ಲ. ವಿಶಾಲವಾದ ಕಡಲಿನಲ್ಲಿ ಈ ಜೀವಿಯ ನೂರು ಮರಿಗಳಲ್ಲಿ ಬಹುಪಾಲು ಮೀನು ಸಿಕ್ಕದೆ ಸಾಯುತ್ತವೆ. ಅಲ್ಲಿ ಮೀನಿನ ಮೇಲೆ ಎಲ್ಲೋ ಒಂದೆರಡು ಚುಕ್ಕೆ. ಮುನ್ನೂರು ಲೀಟರಿನಲ್ಲಿ ಅವಕ್ಕೆ ಹುಡುಕುವ ಶ್ರಮವಿಲ್ಲ, ಮೀನಿಗೆ ಓಡುವ ದಾರಿಯಿಲ್ಲ. ಆ ಗೋಡೆಗಳನ್ನು ಕಟ್ಟಿದವರು ನಾವು. ಇದು ಹಣವಂತರ ಆಟಿಕೆ, ಇದಕ್ಕೇಕೆ ಇಷ್ಟು ಮಾತು ಎಂದು ನನ್ನ ಮಿತ್ರರೊಬ್ಬರು ಕೇಳಿದರು. ಆಟಿಕೆಗೆ ಉಸಿರು ಕಟ್ಟುವದಿಲ್ಲವೆಂದು ಹೇಳಿದೆನು. ಅವರು ಚಹಾ ಕುಡಿದು ಎದ್ದುಹೋದರು.

ಉಳಿದ ಮೂರು ಮೀನುಗಳನ್ನು ಬೆಂಗಳೂರಿಗೆ ಹೋಗಿ ನಾನೇ ಎದುರಿಗೆ ನಿಂತು ನಾಲ್ಕು ಸಲ ವರ್ಗಾಯಿಸಿದೆವು. ಕಡೆಯ ಸಲ ಬಲೆಯಿಂದ ಜಿಗಿದು ನೆಲಕ್ಕೆ ಬಿದ್ದ ಒಂದನ್ನು ತಂಗಿಯ ಮೊಮ್ಮಗಳು ಒದ್ದೆಗೈಯಲ್ಲಿ ಎತ್ತಿ ನೀರಿಗೆ ಬಿಟ್ಟಳು. ಮೂರೂ ಈಗ ಅಡಿಗೆಮನೆಯ ಕಟ್ಟೆಯ ಮೇಲೆ ಸಣ್ಣ ತೊಟ್ಟಿಯಲ್ಲಿ ಮೇವು ತಿನ್ನುತ್ತಿವೆ. ಪಡಸಾಲೆಯ ದೊಡ್ಡ ತೊಟ್ಟಿಯಲ್ಲಿ ದೀಪ ಉರಿಯುತ್ತದೆ, ನೀರು ತಿರುಗುತ್ತದೆ, ಮೀನಿಲ್ಲ. ಬಂದ ನೆಂಟರು ಅದನ್ನು ಕಂಡು ಏನೇನೋ ಕೇಳುತ್ತಾರಂತೆ. ನಿನ್ನೆ ರಾತ್ರಿ ಅಳಿಯನು ಫೋನಿನಲ್ಲಿ, “ಐವತ್ತೊಂದು ದಿನ ಆತು, ಮಾಮಾ. ಇನ್ನ ಇಪ್ಪತ್ತೈದು ಐತಿ” ಎಂದನು.