ಬರದ ಸೀಮೆಗೆ ಬಸಿಗಾಲುವೆ ಯಾಕೆ ಅಂತೀರಾ?

ನಮ್ಮ ಎಮ್ಮೆದೊಡ್ಡಿ ಕಡೆ ನೀರು ಹಿಡಿಯುವ ಮಾತು ಎಲ್ಲರೂ ಆಡ್ತಾರೆ, ನೀರು ಬಿಡುವ ಮಾತು ಯಾರೂ ಆಡಲ್ಲ. ಕಡೂರು ಅಂದ್ರೆ ಬರ. ಬಸಿಗಾಲುವೆ ಅಂದ್ರೆ ನಗ್ತಾರೆ. ನಾನೂ ನಕ್ಕವನೇ.

ನನ್ನ ಹೊಲದ ತಗ್ಗಿನಲ್ಲಿ ಹದಿನೈದು ಗುಂಟೆ ಎರೆ ಇದೆ. ತೇವ ಬೇಗ ಆರೋದಿಲ್ಲ ಅಂತ ಆಸೆಬಿದ್ದು ಅಡಿಕೆ ಇಟ್ಟೆ. ಹಿಂಗಾರಿನಲ್ಲಿ ಒಂದು ವಾರ ಹಿಡಿದ ಮಳೆಗೆ ಗಿಡ ಹಳದಿಯಾದವು. ಗೊಬ್ಬರ ಸಾಲದೇನೋ ಅಂತ ಯೂರಿಯಾ ಹಾಕಿದೆ, ದಡ್ಡ! ಕಿತ್ತು ನೋಡಿದರೆ ಬೇರು ಕೊಳೆತು ಕಪ್ಪಾಗಿತ್ತು.

ಆಮೇಲೆ ಗುಂಡಿ ತೋಡಿದೆ. ಒಂದಡಿ ಕಪ್ಪು ಮಣ್ಣಿನ ಕೆಳಗೆ ಬೂದಿ ಬಣ್ಣದ ಜಿಗುಟು ಮಣ್ಣು, ನಡುನಡುವೆ ತುಕ್ಕಿನ ಚುಕ್ಕೆ. ಇದೇ ಗುರುತು. ಬಹಳ ದಿನ ನೀರು ನಿಂತು ಗಾಳಿಯಾಡದಿದ್ದರೆ ಮಣ್ಣಿನ ಕಬ್ಬಿಣ ಕರಗಿ ಬಣ್ಣ ಹೋಗುತ್ತೆ, ಗಾಳಿ ಸಿಕ್ಕ ಕಡೆ ತುಕ್ಕಾಗಿ ಕೂರುತ್ತೆ. ಎರೆ ನೆನೆದರೆ ಉಬ್ಬಿ ತನ್ನ ಬಿರುಕು ತಾನೇ ಮುಚ್ಚಿಕೊಳ್ಳುತ್ತೆ. ಬೇಸಿಗೆಯ ಬಿರುಕು ನೋಡಿ ನಾವು ಮೋಸ ಹೋಗ್ತೀವಿ.

ಇದು ನಮ್ಮೊಬ್ಬರ ಪಾಡಲ್ಲ. ಅಮೆರಿಕದ ಮೆಕ್ಕೆಜೋಳದ ಸೀಮೆಯಲ್ಲಿ ಹಿಂದೆ ಹಿಮನದಿ ತಂದು ಹಾಕಿದ ಮಣ್ಣಿನಲ್ಲೂ ನೀರು ಇಳಿಯೋದಿಲ್ಲ. ಅಲ್ಲಿನ ರೈತರು 19ನೇ ಶತಮಾನದಲ್ಲೇ ನೆಲದೊಳಗೆ ಸುಟ್ಟ ಮಣ್ಣಿನ ಕೊಳವೆ ಹೂತು ನೀರು ಹೊರಗೆ ಹಾಕಿದರು.

ನನಗೆ ಅಷ್ಟು ಖರ್ಚು ಆಗೋದಿಲ್ಲ. ಇಳಿಜಾರಿಗೆ ಎರಡೂವರೆ ಅಡಿ ಆಳ ಕಾಲುವೆ ತೆಗೆದು ಕೃಷಿ ಹೊಂಡಕ್ಕೆ ಸೇರಿಸಿದೆ. 2014ರಲ್ಲಿ ಕೃಷಿ ಭಾಗ್ಯ ಬಂದ ಮೇಲೆ ಹೊಂಡ ನಮಗೇನು ಹೊಸದಲ್ಲವಲ್ಲ. ಬಸಿದ ನೀರು ನಮ್ಮ ಹೊಲದಲ್ಲೇ ಉಳೀತು. ಬದು ಹಾಕಿಸುವವರು ತಗ್ಗಿಗೆ ಕಾಲುವೆಯನ್ನೂ ಹೇಳಬೇಕು ಅನ್ನೋದೇ ನನ್ನ ತಕರಾರು.

ಉಳಿದ ಗಿಡ ಈಗ ಹೊಸ ಸುಳಿ ಬಿಟ್ಟಿವೆ. ಸತ್ತ ನಲವತ್ತರ ಜಾಗ ಇನ್ನೂ ಖಾಲಿ ಇದೆ.